ಅಪ್ಪನ ಕೋವಿ, ಒಂದು ಸಾಲಿನ ತಿರಸ್ಕಾರ: ಕೋರ್ಟಿಗೆ ಹೋಗಬೇಕಾ, ಬೇಡವಾ?

ಮೆಕ್ಕೆಜೋಳ ರೈತ

ಎಲ್ಲರಿಗೂ ನಮಸ್ಕಾರ. ದುರ್ಗ-ದಾವಣಗೆರೆ ಗಡಿ ಕಡೆಯ ಹಳ್ಳಿ ನಮ್ಮದು. ಮೆಕ್ಕೆಜೋಳ ಮುಖ್ಯ, ಬೋರ್ ನೀರು ಇರುವಷ್ಟು ಜಾಗದಲ್ಲಿ ಅಡಿಕೆ. ಅಪ್ಪನ ಹೆಸರಲ್ಲಿ ಒಂದು ನಾಡಕೋವಿ ಇತ್ತು. ನಳಿಗೆ ಬಾಯಿಂದ ಮದ್ದು ತುಂಬಿ ಹೊಡೆಯುವಂಥದ್ದು. ಬೆಳೆ ರಕ್ಷಣೆಗೆ ಅಂತಲೇ ಲೈಸೆನ್ಸ್ ಇತ್ತು. ಅಪ್ಪ ತೀರಿಕೊಂಡ ಮೇಲೆ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ತಗೊಂಡೆ. ವಾರಸುದಾರನಾಗಿ ನನ್ನ ಹೆಸರಿಗೆ ಕೊಡಿ ಅಂತ ಅರ್ಜಿ ಹಾಕಿದೆ. ವಂಶವೃಕ್ಷ, ಪಹಣಿ, ತಮ್ಮ ತಂಗಿಯರ ಒಪ್ಪಿಗೆ ಪತ್ರ, ಡಾಕ್ಟರ್ ಸರ್ಟಿಫಿಕೇಟ್ ಎಲ್ಲಾ ಜೋಡಿಸಿದ್ದೆ. ನನ್ನ ಮೇಲೆ ಒಂದು ಕೇಸೂ ಇಲ್ಲ. ಠಾಣೆ ವರದಿಯೂ ನನ್ನ ಪರವಾಗೇ ಹೋಗಿತ್ತು.

ಬಂದ ಉತ್ತರ ಒಂದೇ ಸಾಲು. ಕಾನೂನು ಸುವ್ಯವಸ್ಥೆ ದೃಷ್ಟಿಯಿಂದ ಅರ್ಜಿ ತಿರಸ್ಕರಿಸಿದೆ ಅಂತ. ಯಾಕೆ, ಏನು, ಯಾವ ಆಧಾರ, ಒಂದೂ ಇಲ್ಲ. ಕಚೇರಿ ಹೆಸರು ಇಲ್ಲಿ ಹಾಕುವುದಿಲ್ಲ.

ತೆನೆ ಹಾಲುಗಾಳು ಕಟ್ಟುವ ಹೊತ್ತಿಗೆ ಹಂದಿ ಬರುತ್ತವೆ. ಬದುವಿನ ಹತ್ತಿರದ ಸಾಲು ಮುಟ್ಟುವುದಿಲ್ಲ, ಸೀದಾ ಹೊಲದ ನಡುವಿಗೆ ನುಗ್ಗುತ್ತವೆ. ದಂಟನ್ನು ಎದೆಯಿಂದ ತಳ್ಳಿ ಬೀಳಿಸಿ, ತೆನೆಯನ್ನು ಅರ್ಧ ಕಡಿದು, ಮುಂದಿನ ದಂಟಿಗೆ ಹೋಗುತ್ತವೆ. ಬೆಳಿಗ್ಗೆ ರಸ್ತೆಯಲ್ಲಿ ನಿಂತು ನೋಡಿದರೆ ಹೊಲ ಚೆನ್ನಾಗೇ ಕಾಣುತ್ತದೆ. ಒಳಗೆ ಹೋದರೆ ನಡುವೆ ಎಲ್ಲಾ ನೆಲಕ್ಕೆ ಮಲಗಿರುತ್ತದೆ. ಸುತ್ತ ಹಳೆ ಸೀರೆ ಕಟ್ಟಿದೆ, ತಗಡು ಬಡಿದೆ, ಪಟಾಕಿ ಹೊಡೆದೆ. ಸ್ವಲ್ಪ ದಿನ ಹೆದರುತ್ತವೆ, ಆಮೇಲೆ ಅದಕ್ಕೂ ಒಗ್ಗಿಕೊಳ್ಳುತ್ತವೆ.

ಕೇಳಬೇಕಾದದ್ದು ಇಷ್ಟೇ. ಇದನ್ನು ಕೋರ್ಟಲ್ಲಿ ಪ್ರಶ್ನೆ ಮಾಡಬಹುದಾ? ಮಾಡಿದರೆ ನಿಲ್ಲುತ್ತದಾ?

ದಾವಣಗೆರೆ ವಕೀಲ

ಖಂಡಿತ ಮಾಡಬಹುದು. ಆದರೆ ನೀವು ಯಾವ ಮಾತು ಹಿಡಿದು ಹೋಗುತ್ತೀರಿ ಅನ್ನುವುದರ ಮೇಲೆ ನಿಲ್ಲುತ್ತದೋ ಬೀಳುತ್ತದೋ ಗೊತ್ತಾಗುತ್ತದೆ.

"ಕೋವಿ ಇಟ್ಟುಕೊಳ್ಳುವುದು ನನ್ನ ಹಕ್ಕು" ಅಂತ ಹೋದರೆ ಮೊದಲ ದಿನವೇ ಸೋಲುತ್ತೀರಿ. ನಮ್ಮಲ್ಲಿ ಅದು ಮೂಲಭೂತ ಹಕ್ಕಲ್ಲ. 1959ರ ಆಯುಧ ಕಾಯ್ದೆ ಕೊಟ್ಟಷ್ಟೇ ಉಂಟು. ಆದರೆ ಅದೇ ಕಾಯ್ದೆ ಅರ್ಜಿದಾರನಿಗೆ ಏನೇನು ಕೊಟ್ಟಿದೆ ಅಂತ ನಮ್ಮ ಕಡೆ ಯಾರೂ ಓದುವುದಿಲ್ಲ. ಕಲಂ 13 ತೆಗೆದು ನೋಡಿ. ಬೆಳೆ ರಕ್ಷಣೆಗೆ ನಿಜವಾಗಿ ಬೇಕಿರುವ ನಾಡಕೋವಿಗೆ ಬೇರೆ ಸಾಲು, ಪಿಸ್ತೂಲು ರಿವಾಲ್ವರಿಗೆ ಬೇರೆ ಸಾಲು ಇದೆ. ಪಿಸ್ತೂಲಿಗಾದರೆ ಒಳ್ಳೆಯ ಕಾರಣ ಇದೆ ಅಂತ ಅಧಿಕಾರಿಗೆ ಮನವರಿಕೆ ಆಗಬೇಕು. ಬೆಳೆ ಕಾಯುವ ನಾಡಕೋವಿಗೆ ಹಾಗಲ್ಲ. ತಡೆಯುವ ಕಾರಣ ಇಲ್ಲದಿದ್ದರೆ ಕೊಡತಕ್ಕದ್ದು ಅನ್ನುವ ಧಾಟಿಯಲ್ಲೇ ಕಾಯ್ದೆ ಬರೆದಿದ್ದಾರೆ. ನಾಡಕೋವಿ ಸಾಲದು ಅನ್ನಿಸಿದರೆ 20 ಇಂಚಿಗಿಂತ ಕಡಿಮೆ ಇಲ್ಲದ ನಳಿಗೆಯ ಬೇರೆ ಕೋವಿಯನ್ನೂ ಕೊಡಬಹುದು ಅಂತಿದೆ.

ಇನ್ನು ತಿರಸ್ಕಾರದ ಮಾತು. ಸಾರ್ವಜನಿಕ ಶಾಂತಿ, ಸುರಕ್ಷತೆ ಅನ್ನುವುದು ಕಲಂ 14ರಲ್ಲಿ ಇರುವ ಕಾರಣವೇ. ಆದರೆ ಆ ಪದ ಬರೆದುಬಿಟ್ಟರೆ ಸಾಕಾಗುವುದಿಲ್ಲ. ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು. ಅರ್ಜಿದಾರ ಕೇಳಿದರೆ ಅದರ ಸಾರಾಂಶ ಕೊಡಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆ ಆಗುತ್ತದೆ ಅನ್ನಿಸಿದರೆ ಮಾತ್ರ ಕೊಡದೆ ಇರಬಹುದು. ಕೇಸಿಲ್ಲದ, ಠಾಣೆ ವರದಿ ಚೆನ್ನಾಗಿರುವ ರೈತನ ವಿಷಯದಲ್ಲಿ ಅಂಥ ಗುಟ್ಟು ಏನಿರುತ್ತದೆ ಹೇಳಿ.

ವಾರಸುದಾರರ ಬಗ್ಗೆ 2016ರ ಆಯುಧ ನಿಯಮಗಳಲ್ಲಿ 25ನೇ ನಿಯಮ ಇದೆ. ಇಲ್ಲಿ ಓದುತ್ತಿರುವ ಹಿರಿಯರಿಗೂ ಹೇಳುತ್ತೇನೆ: ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಕೋವಿ ಅವರ ಹತ್ತಿರ 25 ವರ್ಷ ಇದ್ದರೆ, ಬದುಕಿರುವಾಗಲೇ ಮಗನಿಗೋ ಮಗಳಿಗೋ ಕೊಡಿಸಲು ಅರ್ಜಿ ಹಾಕಬಹುದು. ಸಾವಾದ ಮೇಲೆ ಅಲೆದಾಡುವುದು ತಪ್ಪುತ್ತದೆ.

ಹರಿಹರ ಹುಡುಗ

ವಕೀಲರೇ, ಒಂದು ಪ್ರಶ್ನೆ. ನಮ್ಮಣ್ಣ ಟೆಕ್ಸಾಸ್‌ನಲ್ಲಿ ಇದ್ದಾನೆ. ಅಲ್ಲಿನ ಸುಪ್ರೀಂ ಕೋರ್ಟ್ 2022ರಲ್ಲಿ ನ್ಯೂಯಾರ್ಕಿನ ಲೈಸೆನ್ಸ್ ಕಾನೂನನ್ನೇ ಹೊಡೆದುಹಾಕಿತು. ವಿಶೇಷ ಕಾರಣ ತೋರಿಸಿ ಅಂತ ಜನರನ್ನು ಕೇಳುವ ಹಾಗಿಲ್ಲ ಅಂದಿತು. ಇಲ್ಲಿ ಅದೇ ವಾದ ಮಾಡಿದರೆ? ಆತ್ಮರಕ್ಷಣೆ ಅಂದರೆ ಜೀವದ ಹಕ್ಕು ತಾನೇ? 21ನೇ ವಿಧಿ ಇದೆಯಲ್ಲ.

ದಾವಣಗೆರೆ ವಕೀಲ

ತಮ್ಮಾ, ಆ ವಾದ ಇಲ್ಲಿ ಈಗಾಗಲೇ ಬಂದು ಹೋಗಿದೆ. 1993ರಲ್ಲಿ ಅಲಹಾಬಾದ್ ಹೈಕೋರ್ಟಿನ ಒಂದು ತೀರ್ಪು ಆಯುಧ ಇಟ್ಟುಕೊಳ್ಳುವುದನ್ನು 21ನೇ ವಿಧಿಗೆ ಸೇರಿಸಿ ನೋಡಿತ್ತು. ಅದೇ ಹೈಕೋರ್ಟಿನ ಪೂರ್ಣ ಪೀಠ ಆಮೇಲೆ ಅದನ್ನು ಒಪ್ಪಲಿಲ್ಲ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಲೈಸೆನ್ಸ್ ಇಲ್ಲದ ಬಂದೂಕುಗಳ ಬಗ್ಗೆ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಮತ್ತು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದ ಪೀಠ. ಅಮೆರಿಕದ ಸಂವಿಧಾನದ ಹಾಗೆ ನಮ್ಮಲ್ಲಿ ಈ ಹಕ್ಕಿಲ್ಲ ಅಂತ ಅಲ್ಲೂ ಬಂತು.

ಅಮೆರಿಕದ್ದೂ ಪೂರ್ತಿ ಕೇಳು. ಅಲ್ಲಿ ಸಂವಿಧಾನಕ್ಕೆ 1791ರ ಎರಡನೇ ತಿದ್ದುಪಡಿ ಇದೆ, ಆಯುಧ ಹೊಂದುವ ಹಕ್ಕಿನ ಸಾಲು ಅದು. 2008ರಲ್ಲಿ ಹೆಲ್ಲರ್ ಕೇಸಲ್ಲಿ ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಅಂತ ಆಯಿತು, 5ಕ್ಕೆ 4 ಮತದಲ್ಲಿ. ನೀನು ಹೇಳಿದ್ದು 2022ರ ಬ್ರೂಯೆನ್ ಕೇಸು, 6ಕ್ಕೆ 3. ಬಂದೂಕಿನ ಮೇಲೆ ಯಾವ ನಿರ್ಬಂಧ ಹಾಕಿದರೂ ಅದಕ್ಕೆ ದೇಶದ ಹಳೆಯ ಪದ್ಧತಿಯಲ್ಲಿ ಆಧಾರ ತೋರಿಸಬೇಕು ಅಂತ ಆ ತೀರ್ಪು ಹೇಳಿತು. ಅಲ್ಲಿಂದ ಮುಂದೆ ಕೆಳಗಿನ ಕೋರ್ಟುಗಳು ಇನ್ನೂರು ವರ್ಷದ ಹಿಂದಿನ ಕಾನೂನು ಹುಡುಕುತ್ತಾ ಕೂತವು. ಹೆಂಡತಿಗೋ ಸಂಗಾತಿಗೋ ಅಪಾಯ ಮಾಡುತ್ತಾನೆ ಅಂತ ಕೋರ್ಟೇ ಆದೇಶ ಮಾಡಿದವನ ಕೈಯಲ್ಲೂ ಬಂದೂಕು ಇರಬಹುದಾ ಅನ್ನುವ ಪ್ರಶ್ನೆ ಎದ್ದಿತು. 2024ರ ಜೂನ್‌ನಲ್ಲಿ ರಹೀಮಿ ಕೇಸಲ್ಲಿ ಅದೇ ಸುಪ್ರೀಂ ಕೋರ್ಟ್ 8ಕ್ಕೆ 1 ಮತದಲ್ಲಿ, ಅಂಥವನಿಂದ ಕಿತ್ತುಕೊಳ್ಳಬಹುದು ಅಂದಿತು. ಹಕ್ಕು ಅಂತ ಸಂವಿಧಾನದಲ್ಲೇ ಬರೆದುಕೊಂಡ ದೇಶದಲ್ಲೂ ಕೊನೆಗೆ ಈ ಮನುಷ್ಯ ಯಾರು, ಇವನಿಂದ ಅಪಾಯ ಇದೆಯಾ ಅಂತ ನೋಡಲೇಬೇಕಾಯಿತು.

ಕೋಟೆನಾಡು

ನಾನು ದುರ್ಗದವನು. ಇತಿಹಾಸದ ಮೇಷ್ಟ್ರು. ವಕೀಲರು ಹಳೆಯ ಪದ್ಧತಿಯ ಆಧಾರ ಅಂದದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮಲ್ಲೂ ಒಂದು ಕಡೆ ಇತಿಹಾಸವೇ ಕಾನೂನಾಗಿದೆಯಲ್ಲ, ಕೊಡಗಿನಲ್ಲಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಇರುವವರಿಗೂ, ಲೈಸೆನ್ಸಿನಿಂದ ವಿನಾಯಿತಿ. ನಿವೃತ್ತ ಸೇನಾ ಕ್ಯಾಪ್ಟನ್ ಒಬ್ಬರು ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಜಾತಿ, ಭೂಮಿ ನೋಡಿ ವಿನಾಯಿತಿ ಕೊಡುವುದು ಸಮಾನತೆಗೆ ವಿರುದ್ಧ ಅಂತ ವಾದ. 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ವಿನಾಯಿತಿಯನ್ನೇ ಎತ್ತಿಹಿಡಿಯಿತು. ಅವರದು ಸೈನಿಕ ಪರಂಪರೆಯ ಸಮುದಾಯ, ಸ್ವಾತಂತ್ರ್ಯಕ್ಕೆ ಮುಂಚಿನಿಂದ ನಡೆದುಬಂದದ್ದು ಅಂತ.

ಕೊಡವರ ಮೇಲೆ ನನಗೆ ಯಾವ ಅಸೂಯೆಯೂ ಇಲ್ಲ. ಅವರ ಕೋವಿ ಪೂಜೆ, ಅವರ ಶಿಸ್ತು ದೊಡ್ಡದು. ಆದರೆ ಇತಿಹಾಸವೇ ಅಳತೆಗೋಲಾದರೆ ನಮ್ಮ ನಾಡನ್ನೂ ಅಳೆಯಬೇಕಲ್ಲ? ಇಲ್ಲಿ ನಾಯಕರು ಆಳಿದರು. ಏಳು ಸುತ್ತಿನ ಕೋಟೆಯನ್ನು ಕಾದವರು ಈ ಬೆಟ್ಟದ ಬೇಡ ಪಡೆ. ಮುಧೋಳದ ಹತ್ತಿರ ಹಲಗಲಿಯ ಬೇಡರು 1857ರಲ್ಲಿ ಎದ್ದದ್ದು ಯಾಕೆ? ಆಯುಧ ಒಪ್ಪಿಸಿ, ದಾಖಲೆ ಮಾಡಿಸಿ ಅಂತ ಕಂಪನಿ ಸರ್ಕಾರ ಕಾನೂನು ತಂದದ್ದಕ್ಕೆ. ಆ ಊರನ್ನೇ ಸುಟ್ಟರು, ಹಿಡಿದವರನ್ನು ಗಲ್ಲಿಗೆ ಹಾಕಿದರು. ಇವತ್ತಿಗೂ ಲಾವಣಿಯಲ್ಲಿ ಹಾಡುತ್ತಾರೆ. ಆಮೇಲೆ 1878ರ ಆಯುಧ ಕಾಯ್ದೆ ಬಂತು. ಭಾರತೀಯರಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನರಿಗೆ ಬೇಡ. ಬ್ರಿಟಿಷರ ಪರ ಇದ್ದ ಕಡೆ ಕೋವಿ ಉಳಿಯಿತು, ಎದುರು ನಿಂತ ಕಡೆ ಹೋಯಿತು. ಆ ಪಟ್ಟಿಯನ್ನೇ ಇವತ್ತು ಪರಂಪರೆ ಅಂದರೆ ಎದುರು ನಿಂತವರ ಮೊಮ್ಮಕ್ಕಳಿಗೆ ಏನು ಹೇಳಬೇಕು? ಇದು ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆ.

ಸ್ವಾತಂತ್ರ್ಯ ಹೋರಾಟದವರಿಗೂ ಈ ನೋವು ಇತ್ತು. 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕು ಇರಬೇಕು ಅಂತ ಬರೆದಿದ್ದರು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನೇ ತಿದ್ದುಪಡಿಯಾಗಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ.

ದಾವಣಗೆರೆ ವಕೀಲ

ಮೇಷ್ಟ್ರೇ, ನಿಮ್ಮ ಮಾತಿಗೆ ತೂಕ ಇದೆ. ಕೋರ್ಟಿನ ಲೆಕ್ಕದಲ್ಲಿ ಮಾತ್ರ ಅದು ಬೇರೆ ದಾರಿ. ಕೊಡಗಿನ ವಿನಾಯಿತಿಯನ್ನು ಕೋರ್ಟ್ ಕೊಟ್ಟದ್ದಲ್ಲ. ಆಯುಧ ಕಾಯ್ದೆಯ ಕಲಂ 41ರಲ್ಲಿ ಕೇಂದ್ರ ಸರ್ಕಾರ ಕೊಟ್ಟದ್ದು, ಅದೂ 2029ರವರೆಗೆ ಅಂತ ಅವಧಿ ಹಾಕಿ. ಕೊಟ್ಟದ್ದು ತಪ್ಪಲ್ಲ ಅಂತಷ್ಟೇ ಹೈಕೋರ್ಟ್ ಹೇಳಿತು. ನಮಗೂ ಕೊಡಿ ಅಂತ ಕೇಳುವುದಾದರೆ ದೆಹಲಿಯನ್ನು ಕೇಳಬೇಕು. ಸಂವಿಧಾನ ಸಭೆಯಲ್ಲಿ ಕಾಮತರು ಸೋತ ಮೇಲೆ ಉಳಿದದ್ದು 19ನೇ ವಿಧಿಯ ಸಾಲು: ಶಾಂತಿಯಿಂದ, ಆಯುಧವಿಲ್ಲದೆ ಸೇರುವ ಹಕ್ಕು. ಆಯುಧವಿಲ್ಲದೆ ಅಂತ ಅಲ್ಲೇ ಇದೆ.

ಹೊಸದುರ್ಗ ಟೀಚರ್

ನಾನು ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಈಗ ಹೇಳಲೇಬೇಕು ಅನ್ನಿಸಿತು.

ನಮ್ಮ ದೊಡ್ಡಮ್ಮನ ಮಗ ರಾತ್ರಿ ನೀರು ಕಟ್ಟಲು ಹೋಗಿದ್ದ. ಕರೆಂಟು ರಾತ್ರಿ ಕೊಟ್ಟರೆ ರೈತ ರಾತ್ರಿಯೇ ಹೋಗಬೇಕು. ಪಕ್ಕದ ಹೊಲದಲ್ಲಿ ಹಂದಿ ಕಾಯುತ್ತಾ ಕೂತಿದ್ದವರು ಜೋಳದ ನಡುವೆ ದಂಟು ಅಲ್ಲಾಡಿದ್ದು ಕಂಡು ಹೊಡೆದರು. ಚರೆ ತೊಡೆಗೂ ಹೊಟ್ಟೆಗೂ ಬಿತ್ತು. ಜೀವ ಉಳಿಯಿತು. ಕಾಲು ಸರಿಹೋಗಲಿಲ್ಲ. ಹೊಡೆದವನು ಕೆಟ್ಟವನಲ್ಲ. ಹಬ್ಬಕ್ಕೆ ನಮ್ಮ ಮನೆಗೆ ಬಂದು ಊಟ ಮಾಡಿ ಹೋಗುತ್ತಿದ್ದ ಮನುಷ್ಯ. ಅವನ ಕೋವಿಗೆ ಲೈಸೆನ್ಸೂ ಇತ್ತು.

ಇತಿಹಾಸ, ಹಕ್ಕು ಎಲ್ಲಾ ಸರಿ. ನಮ್ಮ ಹೊಲದಲ್ಲಿ ಹಂದಿ ಓಡಾಡುವ ಹೊತ್ತಿಗೇ ಮನುಷ್ಯರೂ ಓಡಾಡುತ್ತಾರೆ. ಹತ್ತು ಮನೆಗೆ ಹತ್ತು ಕೋವಿ ಬಂದರೆ ರಾತ್ರಿ ನೀರು ಕಟ್ಟಲು ಯಾರು ಧೈರ್ಯ ಮಾಡುತ್ತಾರೆ? ಮದುವೆ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ ಗಾಳಿಗೆ ಗುಂಡು ಹಾರಿಸುವವರೂ ಇದ್ದಾರೆ. ಅಧಿಕಾರಿಗಳು ಸುಲಭಕ್ಕೆ ಲೈಸೆನ್ಸ್ ಕೊಡದೆ ಇದ್ದರೆ ನನಗಂತೂ ನೆಮ್ಮದಿ. ರೈತಣ್ಣ, ನಿಮ್ಮ ಕಷ್ಟ ಸುಳ್ಳು ಅಂತ ನಾನು ಹೇಳುತ್ತಿಲ್ಲ.

ಮೆಕ್ಕೆಜೋಳ ರೈತ

ಅಕ್ಕಾ, ನೀವು ಹೇಳಿದ್ದು ಓದಿ ಮನಸ್ಸಿಗೆ ಕಷ್ಟ ಆಯಿತು. ಅಪ್ಪ ದಂಟು ಅಲ್ಲಾಡಿದ ಕಡೆ ಯಾವತ್ತೂ ಹೊಡೆದವರಲ್ಲ. ಮೇಲಕ್ಕೆ ಒಂದು ಸದ್ದು ಮಾಡುತ್ತಿದ್ದರು, ಅಷ್ಟಕ್ಕೇ ಹಿಂಡು ಹೋಗುತ್ತಿತ್ತು. ಆದರೆ ಎಲ್ಲರೂ ಹಾಗೆ ಇರುತ್ತಾರೆ ಅಂತ ನಾನು ಹೇಗೆ ಹೇಳಲಿ.

ಒಂದು ಮಾತು ಮಾತ್ರ ನೋಡಿ. ಕೋವಿ ಸಿಗದಿದ್ದ ಕಡೆ ಜನ ಏನು ಮಾಡುತ್ತಿದ್ದಾರೆ? ಬೇಲಿಗೆ ಸೀದಾ ಕರೆಂಟು ಕೊಡುತ್ತಾರೆ. ಉರುಳು ಹಾಕುತ್ತಾರೆ. ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು ಇಡುತ್ತಾರೆ. ಅದನ್ನು ಹಸು ಕಚ್ಚಿ ದವಡೆ ಹಾರಿಹೋದದ್ದು ನಾನೇ ನೋಡಿದ್ದೇನೆ. ಕೋವಿಗೆ ನಂಬರ್ ಇದೆ, ಯಾರದ್ದು ಅಂತ ಠಾಣೆಗೆ ಗೊತ್ತಿರುತ್ತದೆ. ಸಿಡಿಮದ್ದು ಯಾರದ್ದು ಅಂತ ಯಾರಿಗೆ ಗೊತ್ತು?

ನಿವೃತ್ತ ವನಪಾಲಕ

ರೈತರೇ, ಅಪ್ಪ ಮಾಡುತ್ತಿದ್ದುದೇ ಸರಿ. ಕೋವಿಗೆ ಲೈಸೆನ್ಸ್ ಸಿಕ್ಕರೆ ಹಂದಿ ಹೊಡೆಯಲು ಲೈಸೆನ್ಸ್ ಸಿಕ್ಕಿತು ಅಂತ ಬಹಳ ಜನ ತಿಳಿದಿದ್ದಾರೆ. ಎರಡೂ ಬೇರೆ ಬೇರೆ ಕಾನೂನು. 1972ರ ವನ್ಯಜೀವಿ ಕಾಯ್ದೆಯಲ್ಲಿ ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ, ಅಂದರೆ ರಕ್ಷಣೆ ಇರುವ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಬೆಳೆಗೆ ಅಪಾಯ ಆಗಿದೆ ಅಂತ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಕಾರಣ ಬರೆದು ಆದೇಶ ಮಾಡಬೇಕು. ಕಲಂ 11. ಮೈಮೇಲೆ ಬಂದಾಗ ಜೀವ ಉಳಿಸಿಕೊಳ್ಳಲು ಹೊಡೆದರೆ ಅಪರಾಧ ಅಲ್ಲ. ಜೋಳ ಉಳಿಸಿಕೊಳ್ಳಲು ಆದೇಶ ಇಲ್ಲದೆ ಹೊಡೆದರೆ ಅಪರಾಧ. ಕೇರಳದಲ್ಲಿ ಈ ಅಧಿಕಾರವನ್ನು 2022ರಲ್ಲಿ ಪಂಚಾಯಿತಿ ಅಧ್ಯಕ್ಷರವರೆಗೆ ಇಳಿಸಿದರು. ನವಿಲಿನ ಸುದ್ದಿಗಂತೂ ಹೋಗಲೇಬೇಡಿ, ಅದು ಮೊದಲನೇ ಅನುಸೂಚಿ.

ಇನ್ನೊಂದು ವಿಷಯ, ನಮ್ಮ ಎರಡೂ ಜಿಲ್ಲೆಗೆ ಬಹಳ ಮುಖ್ಯ. ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಅದೇ ಕಾಯ್ದೆಯ ಕಲಂ 34. ಜಗಳೂರು ಕಡೆ ರಂಗಯ್ಯನದುರ್ಗ ಇದೆ, ಕೊಂಡುಕುರಿಗೆ, ಅಂದರೆ ನಾಲ್ಕು ಕೊಂಬಿನ ಜಿಂಕೆಯಂಥ ಪ್ರಾಣಿಗೆ, ಅಂತ ಮಾಡಿದ ಅಭಯಾರಣ್ಯ. ದುರ್ಗದ ಪಕ್ಕ ಜೋಗಿಮಟ್ಟಿ ಇದೆ. ನಿಮ್ಮ ಸರ್ವೆ ನಂಬರ್ ಇವುಗಳಿಂದ ಎಷ್ಟು ದೂರ ಅಂತ ಮೊದಲು ನೋಡಿಸಿ. ಕಡತದಲ್ಲಿ ಅಡ್ಡಿ ಇದ್ದದ್ದು ಇದೇ ಆಗಿದ್ದು, ಬರೆದದ್ದು ಮಾತ್ರ ಸುವ್ಯವಸ್ಥೆ ಅಂತ ಆಗಿರಬಹುದು. ಹಾಗಿದ್ದರೆ ಅದನ್ನಾದರೂ ಬರೆದು ಹೇಳಬೇಕಿತ್ತು. ಅರ್ಜಿದಾರ ಅರಣ್ಯ ಇಲಾಖೆಗೆ ಹೋಗಿ ಒಪ್ಪಿಗೆ ಕೇಳುತ್ತಿದ್ದ.

ಚನ್ನಗಿರಿ ಅಡಿಕೆ

ಲೈಸೆನ್ಸ್ ಇದ್ದವರ ಗೋಳೂ ಕೇಳಿ. ಎಲೆಕ್ಷನ್ ಬಂತು ಅಂದರೆ ಸಾಕು, ಠಾಣೆಯಿಂದ ಫೋನು. ಕೋವಿ ತಂದು ಒಪ್ಪಿಸಿ. ಎಂಎಲ್‌ಎ ಎಲೆಕ್ಷನ್, ಎಂಪಿ ಎಲೆಕ್ಷನ್, ಒಂದಾದ ಮೇಲೆ ಒಂದು. ಬೇಸಿಗೆಯಲ್ಲಿ ಸುತ್ತಮುತ್ತ ಹಸಿರು ಇರುವುದು ನಮ್ಮ ತೋಟದಲ್ಲೇ. ಹಂದಿ ಅಲ್ಲಿಗೇ ಬಂದು ಸಸಿ ಬುಡ ಬಗೆಯುತ್ತವೆ. ನನ್ನ ಕೋವಿ ಠಾಣೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುತ್ತದೆ. ಕೇಳಿದರೆ ಎಲ್ಲರಿಗೂ ಒಂದೇ ರೂಲ್ಸು ಅನ್ನುತ್ತಾರೆ.

ದಾವಣಗೆರೆ ವಕೀಲ

ಎಲ್ಲರಿಗೂ ಒಂದೇ ಅನ್ನುವುದೇ ರೂಲ್ಸಿಗೆ ವಿರುದ್ಧ ಸರ್! 2009ರಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠದ ತೀರ್ಪು ಬಂತು. ಆಮೇಲೆ ಚುನಾವಣಾ ಆಯೋಗವೇ ಸೂಚನೆ ಕೊಟ್ಟಿದೆ. ಜಿಲ್ಲಾ ಮಟ್ಟದಲ್ಲಿ ಪರಿಶೀಲನಾ ಸಮಿತಿ ಕೂತು ಒಬ್ಬೊಬ್ಬರ ವಿಷಯ ನೋಡಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಚುನಾವಣೆಯಲ್ಲಿ ಗಲಾಟೆ ಮಾಡಿದವರು, ಇಂಥವರ ಕೋವಿ ಜಮಾ ಮಾಡಿಸಬೇಕು. ಫಲಿತಾಂಶ ಬಂದ ಒಂದು ವಾರದಲ್ಲಿ ವಾಪಸ್ ಕೊಡಬೇಕು. 2024ರ ಮಾರ್ಚ್‌ನಲ್ಲಿ ಅಲಹಾಬಾದ್ ಹೈಕೋರ್ಟೂ, ಕಾರಣ ಇಲ್ಲದೆ ಸಾರಾಸಗಟಾಗಿ ಜಮಾ ಮಾಡಿಸುವ ಹಾಗಿಲ್ಲ ಅಂದಿದೆ. ಮುಂದಿನ ಸಲ ಫೋನು ಬಂದರೆ ಲಿಖಿತ ಆದೇಶ ಕೊಡಿ ಅಂತ ವಿನಯದಿಂದ ಕೇಳಿ. ಕೊಟ್ಟರೆ ಜಮಾ ಮಾಡಿ, ವಿನಾಯಿತಿ ಬೇಕು ಅಂತ ಸಮಿತಿಗೆ ಅರ್ಜಿ ಹಾಕಿ. ಠಾಣೆ ಬಾಗಿಲಲ್ಲಿ ಜಗಳಕ್ಕೆ ನಿಲ್ಲಬೇಡಿ.

ಟೀಚರ್ ಅಕ್ಕನ ಮಾತಿಗೂ ಉತ್ತರ ಕೊಡಬೇಕು. ಗಾಳಿಗೆ ಗುಂಡು ಹಾರಿಸುವುದಕ್ಕೆ 2019ರ ತಿದ್ದುಪಡಿಯಲ್ಲಿ ಬೇರೆಯೇ ಶಿಕ್ಷೆ ತಂದಿದ್ದಾರೆ. 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಒಬ್ಬರ ಹತ್ತಿರ 3 ಬಂದೂಕು ಇರಬಹುದಿತ್ತು, ಅದನ್ನು 2ಕ್ಕೆ ಇಳಿಸಿದರು. ಇವು ಬೇಕಾದ ಬಿಗಿ, ನಾನು ಪೂರ್ತಿ ಒಪ್ಪುತ್ತೇನೆ. ಹೊಲದಲ್ಲಿ ರಾತ್ರಿ ಆಗುವ ಅನಾಹುತಕ್ಕೆ ಮಾತ್ರ ಇಷ್ಟು ಸಾಲದು. ಲೈಸೆನ್ಸಿಗೆ ಸುರಕ್ಷತಾ ತರಬೇತಿ ಬೇಕು ಅಂತ ನಿಯಮ ಇದೆ. ತರಬೇತಿ ಕಾಗದದ ಮೇಲೆ ಮುಗಿಯಬಾರದು.

ನನ್ನ ವಿರೋಧ ಇರುವುದು ಒಂದಕ್ಕೇ. ಈ ರೈತ ಅಪಾಯಕಾರಿ ಅಂತ ಅನ್ನಿಸಿದ್ದರೆ ಯಾಕೆ ಅಂತ ಬರೆಯಬೇಕು. ಅವರ ನೆರೆಯವರು ದೂರು ಕೊಟ್ಟಿದ್ದರೆ ತೋರಿಸಬೇಕು. ರಾತ್ರಿ ನೀರು ಕಟ್ಟುವವರಿಗೆ ಅಪಾಯ ಅಂತ ಅಧಿಕಾರಿಗೆ ಅನ್ನಿಸಿದ್ದರೆ ಅದನ್ನೇ ಬರೆಯಲಿ, ಷರತ್ತು ಹಾಕಿ ಕೊಡಲಿ. ಕಾರಣವೇ ಇಲ್ಲದ ಒಂದು ಸಾಲು ಅಕ್ಕನ ತಮ್ಮನನ್ನೂ ಕಾಪಾಡುವುದಿಲ್ಲ, ರೈತನ ಜೋಳವನ್ನೂ ಕಾಪಾಡುವುದಿಲ್ಲ. ಹಣ, ವಶೀಲಿ ಇದ್ದವನಿಗೆ ಲೈಸೆನ್ಸ್ ಹೇಗೂ ಆಗುತ್ತದೆ. ಬಾಗಿಲು ಮುಚ್ಚುವುದು ಇಂಥವರಿಗೇ.

ಹೊಸದುರ್ಗ ಟೀಚರ್

ಷರತ್ತು ಅಂದಿರಲ್ಲ, ಅದನ್ನು ಹಿಡಿದುಕೊಳ್ಳಿ. ಪಕ್ಕದ ಹೊಲದವರಿಗೆ ಹೇಳದೆ ರಾತ್ರಿ ಕೋವಿ ಎತ್ತಬಾರದು, ಬೆಳಕು ಬಿಟ್ಟು ನೋಡದೆ ಹೊಡೆಯಬಾರದು. ಇಷ್ಟು ಬರೆದು ಸಹಿ ಹಾಕಿ ಕೊಟ್ಟರೆ ನನ್ನ ತಕರಾರು ಇಲ್ಲ. ಆದರೆ ಲೈಸೆನ್ಸ್ ಸುಲಭ ಮಾಡಿ ಅನ್ನುವುದನ್ನು ನಾನು ಈಗಲೂ ಒಪ್ಪುವುದಿಲ್ಲ.

ಮೆಕ್ಕೆಜೋಳ ರೈತ

ಅಕ್ಕಾ, ಅರ್ಜಿಯ ಜೊತೆ ನಾನೇ ಬರೆದು ಕೊಡುತ್ತೇನೆ. ಪಕ್ಕದ ಹೊಲದವರಿಂದಲೂ ಸಹಿ ಹಾಕಿಸುತ್ತೇನೆ. ವಕೀಲರೇ, ಈಗ ಸೀದಾ ಹೈಕೋರ್ಟಿಗೆ ಹೋಗಬೇಕಾ?

ದಾವಣಗೆರೆ ವಕೀಲ

ಬೇಡ. ಮೊದಲು ಕಾರಣದ ಸಾರಾಂಶ ಕೊಡಿ ಅಂತ ಆಯುಧ ಕಾಯ್ದೆಯ ಕಲಂ 14ರಲ್ಲಿ ಲಿಖಿತ ಅರ್ಜಿ ಹಾಕಿ, ಸ್ವೀಕೃತಿ ತಗೊಳ್ಳಿ. ಠಾಣೆ ವರದಿಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ವನಪಾಲಕರು ಹೇಳಿದ ಹಾಗೆ ಅಭಯಾರಣ್ಯದ ದೂರ ನೋಡಿಸಿ. ಆಮೇಲೆ ಅದೇ ಆಯುಧ ಕಾಯ್ದೆಯ ಕಲಂ 18ರಲ್ಲಿ ಮೇಲ್ಮನವಿ. ಅದಕ್ಕೆ ಗಡುವು ಇದೆ, ಸಾರಾಂಶ ಬರಲಿ ಅಂತ ಕಾಯುತ್ತಾ ಕೂರಬೇಡಿ. ಅಲ್ಲೂ ಆಗದಿದ್ದರೆ ಸಂವಿಧಾನದ 226ನೇ ವಿಧಿಯಲ್ಲಿ ಹೈಕೋರ್ಟಿಗೆ ರಿಟ್ ಅರ್ಜಿ. ನಮ್ಮ ಎರಡೂ ಜಿಲ್ಲೆಯವರು ಧಾರವಾಡಕ್ಕಲ್ಲ, ಬೆಂಗಳೂರು ಪೀಠಕ್ಕೇ ಹೋಗಬೇಕು. ಅಲ್ಲಿ ಕೇಳುವುದೂ ಕೋವಿ ಕೊಡಿಸಿ ಅಂತಲ್ಲ. ಆದೇಶ ರದ್ದು ಮಾಡಿ, ಕಾರಣ ಸಹಿತ ಮತ್ತೆ ಪರಿಶೀಲಿಸಲು ಹೇಳಿ ಅಂತ.

ಆದೇಶ ನಿಮ್ಮ ಕೈಗೆ ಬಂದ ತಾರೀಖು ಯಾವುದು? ಲಕೋಟೆ ಎಸೆದಿಲ್ಲ ತಾನೇ? ಅದರ ಮೇಲಿನ ಅಂಚೆ ಮುದ್ರೆ ಬೇಕಾಗುತ್ತದೆ.

ಮೆಕ್ಕೆಜೋಳ ರೈತ

ಲಕೋಟೆ ಇದೆ ಸರ್. ಮುದ್ರೆ ಸ್ವಲ್ಪ ಮಾಸಿದೆ, ತಾರೀಖು ಓದಲು ಬರುತ್ತದೆ. ನಾಳೆಯೇ ಜೆರಾಕ್ಸ್ ಮಾಡಿಸುತ್ತೇನೆ. ಠಾಣೆಗೆ ಕೋವಿ ಒಪ್ಪಿಸಿದ ರಸೀದಿಯೂ ಅದರ ಜೊತೆಗೇ ಇದೆ.